ಕೌಲಿಂಗ್ ಫಾಸ್ಟನರ್ ಬಿಗಿದುಕೊಂಡಿದೆಯಾ, ಅಲುಗಾಡ್ತಾ ಇದೆಯಾ? ಸೆಸ್ನಾ 172ಕ್ಕೆ ಒಂದು ದೋಷ ನಿವಾರಣೆ ಕೈಪಿಡಿ

ಸಣ್ಣ ವಿಮಾನದ ಎಂಜಿನ್ ಸುತ್ತ ಇರುವ ಹೊದಿಕೆಗೆ ಕೌಲಿಂಗ್ ಅನ್ನುತ್ತೇವೆ. ಅದನ್ನು ಹಿಡಿದಿಡುವ ಫಾಸ್ಟನರ್ ಬೆರಳ ತುದಿಯಷ್ಟಿರುತ್ತದೆ. ಹ್ಯಾಂಗರಿಗೆ ಹೊಸದಾಗಿ ಬಂದವರಿಗೆ ಮೊದಲು ಸಿಗುವ ಕೆಲಸವೇ ಕೌಲಿಂಗ್ ಬಿಚ್ಚೋದು. ಹಾಗಾಗಿ ಇದನ್ನು ಯಾರೂ ದೊಡ್ಡ ಕೆಲಸ ಅಂತ ಎಣಿಸುವುದಿಲ್ಲ. ಆದರೆ ಬೆಳಿಗ್ಗೆ ಮೊದಲ ಸಾರ್ಟಿ (ಹಾರಾಟ) ತಡವಾಗುವುದು ಎಷ್ಟೋ ಸಲ ಇಂಥ ಒಂದು ತಿರುಗದ ಸ್ಟಡ್‌ನಿಂದ, ಅಂದರೆ ಫಾಸ್ಟನರ್‌ನ ತಿರುಗಿಸುವ ಮೊಳೆಯಿಂದ.

ಇಲ್ಲಿ ಸೆಸ್ನಾ 172 ಅನ್ನು ಇಟ್ಟುಕೊಂಡೇ ಬರೆದಿದ್ದೇನೆ. ನಮ್ಮ ಫ್ಲೈಯಿಂಗ್ ಸ್ಕೂಲುಗಳಲ್ಲಿ ಹೆಚ್ಚಾಗಿ ಕಾಣುವ ವಿಮಾನ ಅದು. ಪೈಪರ್, ಡೈಮಂಡ್ ಹಾರಿಸುವವರಿಗೂ ಬಹುಪಾಲು ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಫಾಸ್ಟನರ್ ಕೆಟ್ಟಿದೆ" ಎಂದು ಬರುವ ದೂರುಗಳಲ್ಲಿ ಬಹಳ ಸಲ ಫಾಸ್ಟನರ್‌ನದು ತಪ್ಪೇ ಇರುವುದಿಲ್ಲ. ಕೌಲಿಂಗ್ ಜಗ್ಗಿರುತ್ತದೆ. ಒಳಗಿನ ರಬ್ಬರ್ ಕುಸಿದಿರುತ್ತದೆ. ಇಲ್ಲವೇ ಯಾರೋ ಪಕ್ಕದ ತೂತಿನ ಸ್ಟಡ್ ತಂದು ಇಲ್ಲಿ ಹಾಕಿರುತ್ತಾರೆ. ಸ್ಕ್ರೂಡ್ರೈವರ್ ಮೇಲೆ ಬಲ ಹಾಕುವ ಮುಂಚೆ ಕೌಲಿಂಗ್ ಯಾವ ಕಡೆಗೆ ಎಳೆಯುತ್ತಿದೆ ಎಂದು ನೋಡಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೈ ಹಾಕುವ ಮುಂಚೆ

ಮಾಸ್ಟರ್ ಸ್ವಿಚ್ ಆಫ್, ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಉಪಕರಣ) ಆಫ್, ಕೀ ಹೊರಗೆ. ಕೀ ಡ್ಯಾಶ್‌ಬೋರ್ಡ್ ಮೇಲೆ ಎಲ್ಲರಿಗೂ ಕಾಣುವಂತೆ ಇರಲಿ. ಮಿಕ್ಸ್ಚರ್ (ಇಂಧನ ಹದಮಾಡುವ ಹಿಡಿ) ಪೂರ್ತಿ ಹಿಂದಕ್ಕೆ, ಚಕ್ರಕ್ಕೆ ಚಾಕ್ (ತಡೆಗಟ್ಟೆ). ಇಷ್ಟು ಮಾಡಿದ ಮೇಲೂ ಪ್ರೊಪೆಲ್ಲರ್ ತಿರುಗುವ ದಾರಿಯಲ್ಲಿ ನಿಲ್ಲಬೇಡಿ, ಅದನ್ನು ಒರಗಿಕೊಳ್ಳಲೂ ಬೇಡಿ. ಮ್ಯಾಗ್ನೆಟೊವನ್ನು ಗ್ರೌಂಡ್ ಮಾಡುವ ಪಿ-ಲೀಡ್ ವೈರ್ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತವಾಗಿರುತ್ತದೆ. ಪ್ರೊಪೆಲ್ಲರ್ ಸ್ವಲ್ಪ ಅಲುಗಿದರೂ ಎಂಜಿನ್ ಒದೆಯಬಹುದು.

ಈಗಷ್ಟೇ ಇಳಿದ ವಿಮಾನವಾದರೆ ಎಂಜಿನ್ ಆರಲಿ. ಎಕ್ಸಾಸ್ಟ್ ಪೈಪ್ ಕೈ ಸುಡುತ್ತದೆ ಎನ್ನುವುದು ಒಂದು ಕಾರಣ. ಬಿಸಿಯಲ್ಲಿ ಅಲ್ಯೂಮಿನಿಯಂ ಹಿಗ್ಗಿ ಫಾಸ್ಟನರ್‌ಗಳು ಬಿಗಿಯುತ್ತವೆ ಎನ್ನುವುದು ಇನ್ನೊಂದು. ತಣ್ಣಗಾದ ಮೇಲೆ ಅದೇ ಸ್ಟಡ್ ಸಲೀಸಾಗಿ ಬರುವುದುಂಟು. ಟೀ ಕುಡಿದು ಬನ್ನಿ, ನಷ್ಟವೇನಿಲ್ಲ.

ಇನ್ನು ಯಾರು ಏನು ಮಾಡಬಹುದು ಎನ್ನುವ ವಿಷಯ. ನಮ್ಮಲ್ಲಿ ವಿದ್ಯಾರ್ಥಿ ಪೈಲಟ್‌ನ ಕೆಲಸ ನೋಡುವುದು, ಮುಟ್ಟಿ ಪರೀಕ್ಷಿಸುವುದು, ಹೇಳುವುದು. ಬಿಚ್ಚುವುದು, ಬದಲಿಸುವುದು ಎಲ್ಲ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಕಣ್ಣೆದುರು ನಡೆಯಬೇಕು. ಸಹಿಯೂ ಅವರದ್ದೇ. ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡಿರುವ ಕನ್ನಡಿಗರಿಗೆ ಸ್ವಲ್ಪ ಸಡಿಲವಿದೆ. ಪ್ರೊಪೆಲ್ಲರ್ ತೆಗೆಯದೆ, ಫ್ಲೈಟ್ ಕಂಟ್ರೋಲ್ ಬಿಚ್ಚದೆ ಕೌಲಿಂಗ್ ತೆಗೆದು ಹಾಕುವುದನ್ನು ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ತನ್ನ ಪಾರ್ಟ್ 43 ನಿಯಮದ ಪ್ರಿವೆಂಟಿವ್ ಮೇಂಟೆನೆನ್ಸ್ ಪಟ್ಟಿಯಲ್ಲಿ ಸೇರಿಸಿದೆ. ಮಾಲೀಕ ಪೈಲಟ್ ಅದನ್ನು ಮಾಡಬಹುದು, ಆದರೆ ಲಾಗ್‌ಬುಕ್‌ನಲ್ಲಿ ಬರೆಯಲೇಬೇಕು.

ನಿಮ್ಮ ಮುಂದಿರುವುದು ಯಾವ ಬಗೆ?

ಮೂರು ಬಗೆ ಗೊತ್ತಿದ್ದರೆ ಸಾಕು.

ಕ್ಯಾಮ್‌ಲಾಕ್: ಒತ್ತಿ ಕಾಲು ಸುತ್ತು ತಿರುಗಿಸಿದರೆ ಲಾಕ್. ಸ್ಟಡ್‌ನ ತುದಿಯಲ್ಲಿ ಅಡ್ಡಲಾಗಿ ಒಂದು ಪಿನ್ ಇರುತ್ತದೆ. ಅದು ಒಳಗಿನ ರಿಸೆಪ್ಟಕಲ್‌ನ (ಸ್ಟಡ್ ಹಿಡಿಯುವ ಗೂಡು) ಇಳಿಜಾರು ಹತ್ತಿ, ಕೊನೆಯಲ್ಲಿರುವ ತಗ್ಗಿಗೆ ಬಿದ್ದು ಕೂರುತ್ತದೆ. ಸ್ಪ್ರಿಂಗ್ ಇರುವ ಬಗೆಯಲ್ಲಿ, ಬಿಚ್ಚಿದಾಗ ತಲೆ ಹೊರಗೆ ಚಿಮ್ಮಿ ನಿಲ್ಲುತ್ತದೆ. 172ರಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಜೂಸ್: ಇದೂ ಕಾಲು ಸುತ್ತಿನದೇ. ಸ್ಟಡ್‌ನಲ್ಲಿ ಸುರುಳಿಯಾದ ಸೀಳು ಇದ್ದು, ಒಳಗಿನ ದಪ್ಪ ಸ್ಪ್ರಿಂಗ್ ತಂತಿಯನ್ನು ಹಿಡಿಯುತ್ತದೆ. ತಲೆಯ ಮೇಲೆ ಅಳತೆ ಒತ್ತಿರುತ್ತಾರೆ. ಎಫ್ ಅಕ್ಷರ ಇದ್ದರೆ ತಲೆ ಚಪ್ಪಟೆ. ಮುಂದಿನ ಅಂಕಿ ವ್ಯಾಸ, ಇಂಚಿನ ಹದಿನಾರನೇ ಭಾಗಗಳಲ್ಲಿ. ಅದರ ನಂತರದ್ದು ಉದ್ದ, ಇಂಚಿನ ನೂರನೇ ಭಾಗಗಳಲ್ಲಿ.

ಸ್ಕ್ರೂ ಮತ್ತು ನಟ್‌ಪ್ಲೇಟ್: ಸಾಮಾನ್ಯ ಸ್ಟಾರ್ (ಫಿಲಿಪ್ಸ್) ತಲೆಯ ಸ್ಕ್ರೂ. ನಟ್ ಒಳಗಡೆ ರಿವೆಟ್ ಹೊಡೆದು ಕೂರಿಸಿರುತ್ತದೆ, ಕೈಗೆ ಸಿಗುವುದಿಲ್ಲ.

ಕಾಲು ಸುತ್ತಿನವಕ್ಕೆ ಡ್ರಿಲ್ ಮಷೀನಿಗೆ ಬಿಟ್ ಸಿಕ್ಕಿಸಿ ತಿರುಗಿಸುವ ಚಾಳಿ ಬೇಡ. ಕೈಯಲ್ಲಿ ತಿರುಗಿಸಿದಾಗ ಮಾತ್ರ ಪಿನ್ ತಗ್ಗಿಗೆ ಬಿದ್ದ "ಟಕ್" ಬೆರಳಿಗೆ ಗೊತ್ತಾಗುತ್ತದೆ. ಮಷೀನಿಗೆ ಅದು ಗೊತ್ತಾಗುವುದಿಲ್ಲ, ಪಿನ್ ಮುರಿಯುತ್ತದೆ.

ಲಕ್ಷಣ: ತಿರುಗುತ್ತದೆ, ಆದರೆ ಲಾಕ್ ಆಗುವುದಿಲ್ಲ

ಮೊದಲು ಖರ್ಚಿಲ್ಲದ್ದು. ತಲೆಯನ್ನು ಗಟ್ಟಿಯಾಗಿ ಒಳಗೆ ಒತ್ತಿ, ಹಾಗೇ ಒತ್ತಿಕೊಂಡೇ ಗಡಿಯಾರದ ದಿಕ್ಕಿಗೆ ತಿರುಗಿಸಿ. ಒತ್ತದೆ ತಿರುಗಿಸುವುದೇ ಅತಿ ಸಾಮಾನ್ಯ ಕಾರಣ. ಇನ್ನೊಂದು ಕೈಯಲ್ಲಿ ಕೌಲಿಂಗ್‌ನ ಅಂಚನ್ನು ಫ್ರೇಮ್ ಕಡೆಗೆ ಒತ್ತಿಹಿಡಿಯಿರಿ. ಎರಡು ತಗಡುಗಳ ನಡುವೆ ಸಂದು ಇದ್ದರೆ ಪಿನ್ ಇಳಿಜಾರನ್ನು ಮುಟ್ಟುವುದೇ ಇಲ್ಲ.

ಒತ್ತಿದಾಗ ಲಾಕ್ ಆಯಿತು, ಕೈ ಬಿಟ್ಟರೆ ಕೌಲಿಂಗ್ ಅಂಚು ಹಿಂದಕ್ಕೆ ಹೋಗಲು ನೋಡುತ್ತದೆ ಅಂದರೆ ಸ್ಟಡ್ ಸರಿಯಾಗಿದೆ, ಕೌಲಿಂಗ್ ಕೂತಿಲ್ಲ. ಹೆಚ್ಚಾಗಿ ಒಳಗಿನ ರಬ್ಬರ್ ಪಟ್ಟಿ, ಅಂದರೆ ಬ್ಯಾಫಲ್ ಸೀಲ್, ಮಡಚಿಕೊಂಡಿರುತ್ತದೆ. ಇದರ ಬಗ್ಗೆ ಮುಂದೆ ಬರೆದಿದ್ದೇನೆ.

ಎಷ್ಟು ಒತ್ತಿದರೂ ಹಿಡಿಯದಿದ್ದರೆ ಸ್ಟಡ್‌ನ ಉದ್ದ ನೋಡಿ. ಕ್ಯಾಮ್‌ಲಾಕ್ ಸ್ಟಡ್‌ಗಳು ಹಲವು ಉದ್ದಗಳಲ್ಲಿ ಬರುತ್ತವೆ. ಕೌಲಿಂಗ್‌ಗಳಲ್ಲಿ ಕಾಣುವ 4002 ಸರಣಿಯಲ್ಲಿ ಒಂದು ಡ್ಯಾಶ್ ನಂಬರ್‌ಗೂ (ಪಾರ್ಟ್ ನಂಬರ್‌ನಲ್ಲಿ ಅಡ್ಡಗೆರೆಯ ನಂತರದ ಅಂಕಿ) ಮುಂದಿನದಕ್ಕೂ 0.030 ಇಂಚು ವ್ಯತ್ಯಾಸ. ಅಂದರೆ ಒಂದು ಮಿಲಿಮೀಟರಿಗಿಂತ ಕಡಿಮೆ. ಕಣ್ಣಳತೆಗೆ ಎರಡೂ ಒಂದೇ ಥರ. ಆದರೆ ಅಷ್ಟರಲ್ಲೇ ಲಾಕ್ ಆಗುವುದೂ ಆಗದಿರುವುದೂ ಇದೆ. ಗಿಡ್ಡ ಸ್ಟಡ್ ಇಳಿಜಾರನ್ನು ಮುಟ್ಟುವುದಿಲ್ಲ, ಮುಟ್ಟಿದರೂ ಮೈಯೆಲ್ಲ ಭಾರ ಹಾಕಿ ತಿರುಗಿಸಬೇಕಾಗುತ್ತದೆ. ಉದ್ದ ಸ್ಟಡ್ ಬೆಣ್ಣೆಯಲ್ಲಿ ಚಾಕು ಹೋದಂತೆ ತಿರುಗುತ್ತದೆ, ಆದರೆ ಬಿಗಿಯುವುದಿಲ್ಲ. "ಅಬ್ಬಾ, ಎಷ್ಟು ಸಲೀಸು" ಎನ್ನಿಸುವ ಸ್ಟಡ್ ಮೇಲೆ ನನಗೆ ಯಾವಾಗಲೂ ಅನುಮಾನ.

ಇಲ್ಲೊಂದು ಉಪಾಯವಿದೆ. ಪಕ್ಕದಲ್ಲಿ ಅದೇ ದಪ್ಪದ ತಗಡಿನ ಮೇಲೆ ಸರಿಯಾಗಿ ಕೂತಿರುವ ಸ್ಟಡ್‌ನ ನಂಬರ್ ಓದಿ, ಕೆಟ್ಟದರ ನಂಬರ್ ಜೊತೆ ಹೋಲಿಸಿ. ನಂಬರ್ ತಲೆಯ ಮೇಲೇ ಇರುತ್ತದೆ. ಬಣ್ಣ ಮುಚ್ಚಿದ್ದರೆ ಬಟ್ಟೆಗೆ ಸ್ವಲ್ಪ ಸಾಲ್ವೆಂಟ್ ಹಾಕಿ ಒರೆಸಿ. ಕೊನೆಯ ಮಾತು ಮಾತ್ರ ಪಾರ್ಟ್ಸ್ ಕ್ಯಾಟಲಾಗ್‌ನದು, ಪಕ್ಕದ ತೂತಿನದಲ್ಲ. ಮೂಲೆಗಳಲ್ಲಿ ಎರಡು ಮೂರು ತಗಡು ಒಂದರ ಮೇಲೊಂದು ಬರುತ್ತವೆ. ಅಲ್ಲಿ ಉದ್ದ ಸ್ಟಡ್ ಬೇಕಾಗುವುದು ಸಹಜ.

ಉದ್ದವೂ ಸರಿ ಇದ್ದರೆ ಟಾರ್ಚ್ ಹಿಡಿದು ಸ್ಟಡ್‌ನ ತುದಿ ನೋಡಿ. ಅಡ್ಡ ಪಿನ್ ಒಂದು ಕಡೆ ಸವೆದಿದೆಯಾ, ಬಾಗಿದೆಯಾ, ಅರ್ಧ ಮುರಿದಿದೆಯಾ? ಹಾಗಿದ್ದರೆ ಸ್ಟಡ್ ಬದಲಿಸಬೇಕು. 4002 ಥರದ ಕ್ಯಾಮ್‌ಲಾಕ್ ಸ್ಟಡ್ ತೆಗೆಯಲು ಅದಕ್ಕೇ ಆದ ಪ್ಲಯರ್ ಇದೆ. ಅದು ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ, ಸ್ಟಡ್ ಓರೆಯಾಗಿ ಗ್ರೊಮೆಟ್‌ನಿಂದ (ತೂತಿನ ಅಂಚಿಗೆ ಕೂರಿಸಿದ ಬಳೆ) ಆಚೆ ಬರುತ್ತದೆ. ಸಾಧಾರಣ ಪ್ಲಯರ್‌ನಲ್ಲಿ ಎಳೆದರೆ ಗ್ರೊಮೆಟ್ ಕಿತ್ತು ಬರುತ್ತದೆ, ಬಣ್ಣವೂ ಹೋಗುತ್ತದೆ. ಸ್ಪ್ರಿಂಗ್ ಚಿಮ್ಮುವ ಕೆಲಸವಾದ್ದರಿಂದ ಕಣ್ಣಿಗೆ ಕನ್ನಡಕ ಇರಲಿ.

ಸ್ಟಡ್ ಹೊಸದು, ಆದರೂ ಹಿಡಿಯುತ್ತಿಲ್ಲ ಎಂದರೆ ತೊಂದರೆ ರಿಸೆಪ್ಟಕಲ್‌ನಲ್ಲಿದೆ. ಅದರ ಸ್ಪ್ರಿಂಗ್ ಸತ್ತಿರಬಹುದು, ಅಥವಾ ಅದನ್ನು ಕೂರಿಸಿದ ರಿವೆಟ್ ಸಡಿಲವಾಗಿರಬಹುದು. ಅದು ರಿವೆಟ್ ಕೆಲಸ. ನೀವು ಇಲ್ಲಿಗೆ ನಿಲ್ಲಿಸಿ, ಎಎಂಇಗೆ ಹೇಳಿ.

ಲಕ್ಷಣ: ಲಾಕ್ ಆಗಿದೆ, ಆದರೂ ತಲೆ ಅಲುಗಾಡುತ್ತದೆ

ಪ್ರೀ-ಫ್ಲೈಟ್‌ನಲ್ಲಿ (ಹಾರುವ ಮುಂಚಿನ ಪರೀಕ್ಷೆಯಲ್ಲಿ) ಬರೀ ಕಣ್ಣಲ್ಲಿ ನೋಡಿಕೊಂಡು ಹೋಗುವವರಿಗೆ ಇದು ಸಿಗುವುದೇ ಇಲ್ಲ. ಹೆಬ್ಬೆರಳಿಟ್ಟು ತಲೆಯನ್ನು ಪಕ್ಕಕ್ಕೆ ಒತ್ತಿ ನೋಡಬೇಕು. ಆಮೇಲೆ ಅಂಗೈಯಿಂದ ಕೌಲಿಂಗ್‌ನ ಅಂಚನ್ನು ಮೆಲ್ಲಗೆ ತಟ್ಟಿ. ಬಿಗಿಯಾಗಿದ್ದರೆ ಸದ್ದು ದಪ್ಪ. ಸಡಿಲವಿದ್ದರೆ ಕಿರಿಕಿರಿ ಸದ್ದು ಬರುತ್ತದೆ.

ಇನ್ನೊಂದು ಗುರುತು, ನನ್ನ ಪ್ರಕಾರ ಇದೇ ಮುಖ್ಯವಾದದ್ದು: ತಲೆಯ ಸುತ್ತ ಕಪ್ಪು ಮಸಿ. ಹತ್ತಿರದಿಂದ ನೋಡಿ. ಬಿಳಿ ಬಣ್ಣದ ಮೇಲೆ ತಲೆಯ ಸುತ್ತ ಬೂದು-ಕಪ್ಪು ಬಳೆ, ಅಲ್ಲಿಂದ ಗಾಳಿ ಹೋಗುವ ದಿಕ್ಕಿಗೆ, ಅಂದರೆ ಹಿಂದಕ್ಕೆ, ಸಣ್ಣ ಬಾಲ. ಬೆರಳಿಗೆ ಹತ್ತಿದರೆ ನುಣ್ಣಗೆ, ಪೆನ್ಸಿಲ್ ಸೀಸದ ಪುಡಿಯ ಹಾಗಿರುತ್ತದೆ. ಸುಮ್ನೆ ಎಂಜಿನ್ ಆಯಿಲ್ ಅಂತ ಒರೆಸಿಬಿಡುತ್ತಾರೆ. ಅದು ಆಯಿಲ್ ಅಲ್ಲ. ತಲೆಯೂ ತಗಡೂ ಒಂದಕ್ಕೊಂದು ಉಜ್ಜಿ ಉದುರಿದ ಅಲ್ಯೂಮಿನಿಯಂ ಪುಡಿ. ಆ ಸ್ಟಡ್ ಹಾರಾಟದ ಉದ್ದಕ್ಕೂ ನಡುಗುತ್ತಿದೆ ಎಂದು ಅರ್ಥ.

ಇದನ್ನು ಒರೆಸಿ, ಒಂದು ಹಾರಾಟದ ನಂತರ ಮತ್ತೆ ನೋಡಿ. ಬಂದಿಲ್ಲವಾದರೆ ಹಳೆಯ ಕೊಳೆ. ಮತ್ತೆ ಬಂದಿದ್ದರೆ ಉಜ್ಜಾಟ ನಡೆಯುತ್ತಲೇ ಇದೆ. ತಲೆ ಕೈಗೆ ಅಲುಗಿದ್ದರೆ ಮಾತ್ರ ಹೀಗೆ ಇನ್ನೊಂದು ಹಾರಾಟಕ್ಕೆ ಕಾಯಬೇಡಿ.

ಕಾರಣಗಳನ್ನು ಅಗ್ಗದ್ದರಿಂದ ಶುರು ಮಾಡಿ. ಉದ್ದ ಜಾಸ್ತಿಯಾದ ಸ್ಟಡ್ ಮೊದಲನೆಯದು. ಗ್ರೊಮೆಟ್ ಸವೆದಿರುವುದು ಎರಡನೆಯದು. ಸ್ಕ್ರೂ ಆದರೆ ಅದರ ಕೆಳಗಿನ ಬಟ್ಟಲು ವಾಷರ್ ಇಲ್ಲದಿರುವುದು, ಇಲ್ಲವೇ ಚಪ್ಪಟೆಯಾಗಿರುವುದು. ಇವೆಲ್ಲ ಸಣ್ಣ ಖರ್ಚು. ನಂತರ ತೂತು. ಸ್ಟಡ್ ತೆಗೆದು ತೂತಿನ ಆಕಾರ ನೋಡಿ. ದುಂಡಗಿದ್ದರೆ ಸರಿ. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಸ್ಟಡ್ ಹಾಕಿ ಪ್ರಯೋಜನವಿಲ್ಲ, ಅದೂ ಅಲುಗುತ್ತದೆ. ತೂತಿನ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಟಿದ್ದರೆ ಆ ಕೌಲಿಂಗ್ ಅಂದು ಹಾರುವುದಿಲ್ಲ. ಕೆಲವು ಮಾದರಿಗಳಲ್ಲಿ ಮೂಗಿನ ಭಾಗ ಫೈಬರ್‌ಗ್ಲಾಸ್. ಅಲ್ಲಿ ಬಿರುಕಿನ ಬದಲು ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಎರಡರ ರಿಪೇರಿಯೂ ಮ್ಯಾನ್ಯುಯಲ್ ನೋಡಿ ಮಾಡುವಂಥದ್ದು.

ಸಡಿಲ ಸ್ಟಡ್ ಒಂದೇ ಆದರೆ ಏನಾಗುತ್ತದೆ ಮಹಾ ಎಂದು ಕೇಳುವವರಿದ್ದಾರೆ. 172ರ ಎಂಜಿನ್ ತಣ್ಣಗಿರುವುದು ಗಾಳಿಯಿಂದ. ಮುಂದಿನ ಎರಡು ಕಿಂಡಿಗಳಿಂದ ಬಂದ ಗಾಳಿ ಸಿಲಿಂಡರ್‌ಗಳ ಮೇಲೆ ತುಂಬಿಕೊಂಡು, ಸಿಲಿಂಡರ್ ಮೈಮೇಲಿನ ತೆಳು ಏಣುಗಳ (ಕೂಲಿಂಗ್ ಫಿನ್) ನಡುವೆ ನುಸುಳಿ, ಕೆಳಗಿನಿಂದ ಹೊರಗೆ ಹೋಗುತ್ತದೆ. ಮೇಲಿನ ಕೌಲಿಂಗ್ ಈ ಒತ್ತಡವನ್ನು ಹಿಡಿದಿಡುವ ಮುಚ್ಚಳ. ಅಂಚು ಬಾಯಿಬಿಟ್ಟರೆ ಗಾಳಿ ಅಲ್ಲೇ ಸೋರುತ್ತದೆ, ಸಿಲಿಂಡರ್ ಹೆಡ್ ಟೆಂಪರೇಚರ್ ಏರಬಹುದು. ಜೊತೆಗೆ ಒಂದು ಸಡಿಲವಾದರೆ ಅದರ ಭಾರ ಪಕ್ಕದ ಎರಡರ ಮೇಲೆ ಬೀಳುತ್ತದೆ. ಆಮೇಲೆ ಅವೂ ಸಡಿಲ.

ಲಕ್ಷಣ: ಕಾಲು ಸುತ್ತಿನ ಸ್ಟಡ್ ತಿರುಗುವುದೇ ಇಲ್ಲ

ಹೊಸಬರು ಮೊದಲು ಮಾಡುವುದು ಬಲ ಹಾಕುವುದು. "ಸಾರ್, ಇದು ಜಾಮ್ ಆಗಿದೆ" ಎಂದು ಬರುವ ಹೊತ್ತಿಗೆ ಸ್ಲಾಟ್ ಅರ್ಧ ಹರಿದಿರುತ್ತದೆ.

ಹೀಗೆ ಮಾಡಿ. ಸ್ಲಾಟ್‌ನಲ್ಲಿರುವ ಬಣ್ಣ, ಮಣ್ಣು ಕೆರೆದು ತೆಗೆಯಿರಿ. ಸ್ಲಾಟ್‌ನ ಪೂರ್ತಿ ಅಗಲಕ್ಕೆ ಕೂರುವ ಸ್ಕ್ರೂಡ್ರೈವರ್ ಆರಿಸಿ. ನೇರವಾಗಿ ಹಿಡಿದು, ತಲೆಯನ್ನು ಒಳಗೆ ಒತ್ತಿ, ನಂತರ ಎಡಕ್ಕೆ. ಬರಲಿಲ್ಲವೇ? ಈಗ ಇನ್ನೊಬ್ಬರನ್ನು ಕರೆಯಿರಿ. ಅವರು ಕೌಲಿಂಗ್‌ನ ಅಂಚನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಮೆಲ್ಲಗೆ ಒತ್ತುತ್ತಿರಲಿ, ನೀವು ತಿರುಗಿಸುತ್ತಿರಿ. ಯಾವುದೋ ಒಂದು ದಿಕ್ಕಿಗೆ ಒತ್ತಿದಾಗ ಸ್ಟಡ್ ಪಟ್ಟನೆ ಬಿಡುತ್ತದೆ. ಆ ದಿಕ್ಕನ್ನು ನೆನಪಿಡಿ. ಕೌಲಿಂಗ್ ಎಳೆಯುತ್ತಿದ್ದದ್ದು ಅದರ ಎದುರು ದಿಕ್ಕಿಗೆ. ಜಾಮ್ ಆದ ಸ್ಟಡ್‌ಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಬರುತ್ತವೆ.

ಇದಕ್ಕೂ ಬಗ್ಗದಿದ್ದರೆ ತುಕ್ಕು ಇರಬೇಕು. ಸ್ಟೀಲ್ ಸ್ಟಡ್, ಅಲ್ಯೂಮಿನಿಯಂ ತಗಡು, ನಡುವೆ ತೇವ. ಎರಡು ಬೇರೆ ಲೋಹಗಳ ಮಧ್ಯೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಸ್ಟಡ್ ಅನ್ನು ಕಚ್ಚಿಕೊಳ್ಳುತ್ತದೆ. ಮಂಗಳೂರಿನಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ. ಬೆಂಗಳೂರಿನ ಕಡೆ ಮಳೆಗಾಲದಲ್ಲಿ ಹೊರಗೆ ನಿಂತ ವಿಮಾನಗಳಲ್ಲೂ ನೋಡಬಹುದು. ಪೆನಿಟ್ರೇಟಿಂಗ್ ಆಯಿಲ್ ಒಂದೆರಡು ಹನಿ ಬಿಡಿ, ಸ್ಪ್ರೇ ಮಾಡಿ ತೋಯಿಸಬೇಡಿ. ಅದು ಉರಿಯುವ ವಸ್ತು. ಬಿಸಿ ಎಕ್ಸಾಸ್ಟ್ ಮೇಲೆ ಬೀಳಬಾರದು. ಎಂಜಿನ್ ಮೌಂಟ್‌ನ ರಬ್ಬರ್, ಮ್ಯಾಗ್ನೆಟೊ, ಆಲ್ಟರ್ನೇಟರ್ ಕಡೆಗೂ ಹೋಗಬಾರದು. ಹಾಕಿ ಸ್ವಲ್ಪ ಹೊತ್ತು ಬಿಡಿ. ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಯ ಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ಮತ್ತೆ ಪ್ರಯತ್ನಿಸಿ. ಫೈಬರ್‌ಗ್ಲಾಸ್ ಮೇಲಾದರೆ ತಟ್ಟುವುದೂ ಬೇಡ.

ಸ್ಲಾಟ್ ಹರಿಯಲು ಶುರುವಾದ ಕೂಡಲೇ ನಿಲ್ಲಿಸಿ. ಮುಂದಿನ ಹೆಜ್ಜೆ ತಲೆಯನ್ನು ಡ್ರಿಲ್ ಮಾಡಿ ತೆಗೆಯುವುದು. ಡ್ರಿಲ್ ಬಿಟ್ ಒಳಗೆ ಜಾರಿದರೆ ಅಲ್ಲಿ ಇಗ್ನಿಶನ್ ವೈರ್, ಫ್ಯುಯಲ್ ಲೈನ್, ಆಯಿಲ್ ಹೋಸ್ ಇವೆ.

ಲಕ್ಷಣ: ಸ್ಕ್ರೂನ ತಲೆ ಸವೆದು ಬಿಟ್ ಜಾರುತ್ತಿದೆ

ಮೊದಲು ಬಿಟ್ ನೋಡಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಫಿಲಿಪ್ಸ್ ಬಿಟ್ ಜೊತೆ ಪೋಜಿಡ್ರೈವ್ ಬಿಟ್‌ಗಳೂ ಕಲಸಿಹೋಗಿರುತ್ತವೆ. ಪೋಜಿಡ್ರೈವ್‌ನಲ್ಲಿ ದೊಡ್ಡ ಕೂಡು ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಏಣುಗಳಿರುತ್ತವೆ. ಅದು ಫಿಲಿಪ್ಸ್ ತಲೆಯಲ್ಲಿ ತಳದವರೆಗೆ ಕೂರುವುದಿಲ್ಲ, ಜಾರುತ್ತದೆ. ಕೌಲಿಂಗ್ ಸ್ಕ್ರೂಗಳಿಗೆ ಸಾಮಾನ್ಯವಾಗಿ 2ನೇ ನಂಬರ್ ಫಿಲಿಪ್ಸ್ ಸಾಕು. ಮೊನೆ ಸವೆದ ಬಿಟ್ ಅನ್ನು ಎಸೆದುಬಿಡಿ. ಅದನ್ನು ಉಳಿಸಲು ಹೋಗಿ ಹತ್ತು ಸ್ಕ್ರೂ ಹಾಳು ಮಾಡುವುದು ಯಾವ ಲೆಕ್ಕಾಚಾರ ಹೇಳಿ.

ಹೊಸ ಬಿಟ್‌ನ ತುದಿಗೆ ಚೂರು ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ. ಅದರಲ್ಲಿರುವ ಮರಳಿನಂಥ ಕಣಗಳು ಹಿಡಿತ ಕೊಡುತ್ತವೆ. ಕೆಲಸವಾದ ಮೇಲೆ ಪೂರ್ತಿ ಒರೆಸಿ, ಎಂಜಿನ್ ಒಳಗೆ ಹೋಗಬಾರದ ವಸ್ತು ಅದು. ಸ್ಪೀಡ್ ಹ್ಯಾಂಡಲ್ (ಬಿಟ್ ಸಿಕ್ಕಿಸಿ ಕೈಯಲ್ಲಿ ಸುತ್ತುವ ಬಾಗಿದ ಹಿಡಿ) ಇದ್ದರೆ ಇನ್ನೂ ಒಳ್ಳೆಯದು. ಎದೆಯ ಭಾರ ಪೂರ್ತಿ ಹಾಕಿ ನಿಧಾನವಾಗಿ ತಿರುಗಿಸಬಹುದು. ಮೊದಲು ಚೂರು ಬಿಗಿ ಮಾಡುವ ದಿಕ್ಕಿಗೆ, ಆಮೇಲೆ ಬಿಚ್ಚುವ ದಿಕ್ಕಿಗೆ.

ಉಬ್ಬು ತಲೆಯ ಸ್ಕ್ರೂ ಆದರೆ ಲಾಕಿಂಗ್ ಪ್ಲಯರ್‌ನಲ್ಲಿ ತಲೆಯನ್ನೇ ಹಿಡಿದು ತಿರುಗಿಸಬಹುದು. ಕೆಳಗೆ ಬಣ್ಣ ಗೀಚದಂತೆ ಟೇಪ್ ಅಂಟಿಸಿಕೊಳ್ಳಿ. ಚಪ್ಪಟೆ ತಲೆಯದಾದರೆ ಎಡಮುರಿ ಡ್ರಿಲ್ ಬಿಟ್ ಅಥವಾ ಎಕ್ಸ್‌ಟ್ರಾಕ್ಟರ್. ಎಡಮುರಿ ಬಿಟ್‌ನ ಗುಣವೆಂದರೆ ಕೊರೆಯುತ್ತಾ ಕೊರೆಯುತ್ತಾ ಸ್ಕ್ರೂ ತಾನೇ ಬಿಚ್ಚಿಕೊಂಡು ಬರುವುದುಂಟು. ಬರದಿದ್ದರೂ ತಲೆ ಬೇರೆಯಾಗುತ್ತದೆ, ಕೌಲಿಂಗ್ ಕೈಗೆ ಬರುತ್ತದೆ. ಉಳಿದ ಮೊಂಡು ಭಾಗವನ್ನು ಪ್ಲಯರ್‌ನಲ್ಲಿ ಹಿಡಿದು ಬಿಚ್ಚಬೇಕು. ಇದು ಅನುಭವಸ್ಥರ ಕೈಯ ಕೆಲಸ, ನೋಡಿ ಕಲಿಯಿರಿ.

ಬದಲಿಗೆ ಹಾಕುವ ಸ್ಕ್ರೂ ಪಾರ್ಟ್ ನಂಬರ್ ಇರುವ, ಕಾಗದಪತ್ರ ಇರುವ ವಿಮಾನದ ಸ್ಕ್ರೂ ಆಗಿರಲಿ. ಅಂಗಡಿಯ ಮೆಟ್ರಿಕ್ ಸ್ಕ್ರೂ ಒಂದೆರಡು ಸುತ್ತು ಹೋಗಿ ಕೂತ ಹಾಗೆ ಕಾಣುತ್ತದೆ. ಆದರೆ ಸೆಸ್ನಾದ್ದು ಇಂಚಿನ ಥ್ರೆಡ್, ನಟ್‌ಪ್ಲೇಟ್ ಅಲ್ಲಿಗೆ ಹಾಳು. ಉದ್ದ ಜಾಸ್ತಿಯಾದರೆ ಒಳಗೆ ಯಾವುದಕ್ಕೆ ತಾಗುತ್ತದೋ ಹೇಳಲಾಗದು.

ಲಕ್ಷಣ: ಸ್ಕ್ರೂ ಗರಗರ ತಿರುಗುತ್ತದೆ, ಹೊರಗೂ ಬರದು, ಬಿಗಿಯೂ ಆಗದು

ಒಳಗೆ ನಟ್‌ಪ್ಲೇಟ್‌ನ ರಿವೆಟ್ ಕಿತ್ತುಹೋಗಿ ಇಡೀ ನಟ್ ಸ್ಕ್ರೂ ಜೊತೆಗೇ ಸುತ್ತುತ್ತಿದೆ. ಸುತ್ತುತ್ತಲೇ ಇದ್ದರೆ ಅದರ ರೆಕ್ಕೆ ತಗಡನ್ನು ಕೊರೆಯುತ್ತದೆ. ಎರಡು ತಗಡುಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಮೀಟಿ, ಸ್ಕ್ರೂ ಮೇಲೆ ಎಳೆತ ಬರುವಂತೆ ಮಾಡಿ ತಿರುಗಿಸಿ ನೋಡಿ. ನಟ್ ತಗಡಿಗೆ ಒತ್ತಿಕೊಂಡು ನಿಂತರೆ ಸ್ಕ್ರೂ ಬರುತ್ತದೆ. ಇಷ್ಟೇ ಮನೆಮದ್ದು. ಬರಲಿಲ್ಲವೆಂದರೆ ತಲೆ ಡ್ರಿಲ್ ಮಾಡಬೇಕು, ನಟ್‌ಪ್ಲೇಟ್ ಹೊಸದಾಗಿ ರಿವೆಟ್ ಹೊಡೆಯಬೇಕು. ಎರಡೂ ಎಎಂಇ ಕೆಲಸ.

ಲಕ್ಷಣ: ಅದೇ ಜಾಗದ ಫಾಸ್ಟನರ್ ಪದೇ ಪದೇ ಕೆಡುತ್ತದೆ

ಇಲ್ಲಿಗೆ ಬಂದರೆ ಸ್ಟಡ್ ಬದಲಿಸುವುದನ್ನು ನಿಲ್ಲಿಸಿ, ಕೌಲಿಂಗ್ ಪೂರ್ತಿ ತೆಗೆದು ಒಳಮೈ ನೋಡಿ. ಕೆಳಗಿನ ಭಾಗ ಭಾರ, ಇಬ್ಬರು ಬೇಕು. ಕೆಲವು ಹಳೆಯ ಮಾದರಿಗಳಲ್ಲಿ ಲ್ಯಾಂಡಿಂಗ್ ಲೈಟ್ ಕೌಲಿಂಗ್‌ನಲ್ಲೇ ಇರುತ್ತದೆ, ಅದರ ವೈರ್ ಬಿಚ್ಚಿಯೇ ಕೆಳಗಿಳಿಸಬೇಕು. ಗಾಳಿ ಪೈಪ್‌ಗಳೂ ಇದ್ದರೆ ನೋಡಿಕೊಳ್ಳಿ.

ಮೇಲಿನ ಕೌಲಿಂಗ್‌ನ ಒಳಗೆ ಬ್ಯಾಫಲ್ ಸೀಲ್ ಉಜ್ಜಿದ ಗೆರೆ ಕಾಣುತ್ತದೆ. ಬ್ಯಾಫಲ್ ಸೀಲ್ ಎಂದರೆ ಸಿಲಿಂಡರ್‌ಗಳ ಸುತ್ತಲಿನ ತಗಡಿನ ತುದಿಗೆ ಇರುವ ರಬ್ಬರ್ ಪಟ್ಟಿ. ಅದು ಗಾಳಿ ಬರುವ ಕಡೆಗೆ, ಅಂದರೆ ಒಳಕ್ಕೆ ಬಾಗಿ ಕೂರಬೇಕು. ಆಗ ಗಾಳಿಯ ಒತ್ತಡವೇ ಅದನ್ನು ಕೌಲಿಂಗ್‌ಗೆ ಒತ್ತಿ ಮುಚ್ಚುತ್ತದೆ. ಅವಸರದಲ್ಲಿ ಕೌಲಿಂಗ್ ಕೂರಿಸುವಾಗ ಪಟ್ಟಿ ಹೊರಕ್ಕೆ ಮಡಚಿಕೊಂಡುಬಿಡುತ್ತದೆ. ಹೊಸ ಪಟ್ಟಿ ಹಾಕಿದ ಮೇಲಂತೂ ಗಟ್ಟಿಯಾಗಿದ್ದು ಇಡೀ ಕೌಲಿಂಗ್ ಅನ್ನು ಮೇಲಕ್ಕೆ ತಳ್ಳುತ್ತದೆ. ಕೊನೆಯ ಎರಡು ಸ್ಟಡ್ ಕೂರಲು ಹಟ ಮಾಡುವುದು ಇದಕ್ಕೇ. ಗೆರೆ ಒಂದೇ ಸಮನೆ ಇದ್ದರೆ ಸರಿ, ಒಂದು ಕಡೆ ಮಾತ್ರ ಗಾಢವಾಗಿದ್ದರೆ ಒತ್ತುತ್ತಿರುವುದು ಅಲ್ಲೇ.

ನಂತರ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಹತ್ತಿರ ಕೌಲಿಂಗ್ ಹಿಡಿಯುವ ಶಾಕ್ ಮೌಂಟ್‌ಗಳು. ಸಣ್ಣ ರಬ್ಬರ್ ತುಂಡುಗಳು, ಅಗ್ಗದವು, ಯಾರ ಕಣ್ಣಿಗೂ ಬೀಳದವು. ಬಿಸಿ ಮತ್ತು ಆಯಿಲ್ ತಗುಲಿ ಬಿರುಕುಬಿಟ್ಟು ಕುಸಿಯುತ್ತವೆ. ಆಗ ಕೌಲಿಂಗ್ ತುಸು ಇಳಿಯುತ್ತದೆ, ತೂತುಗಳು ನೇರಕ್ಕೆ ಬರುವುದಿಲ್ಲ. ಸ್ಟಡ್ ಓರೆಯಾಗಿ ಕೂತು ಒಂದು ಬದಿ ಸವೆಯುತ್ತದೆ. ಅಡ್ಡ ಪಿನ್ ಯಾವಾಗಲೂ ಒಂದೇ ಕಡೆ ಸವೆದಿರುವುದನ್ನು ಕಂಡರೆ ನಾನು ಮೊದಲು ನೋಡುವುದು ಈ ರಬ್ಬರ್.

ಇನ್ನೊಂದು ಪರೀಕ್ಷೆಗೆ ಏನೂ ಬಿಚ್ಚಬೇಕಾಗಿಲ್ಲ. ವಿಮಾನದ ಮುಂದೆ, ಪ್ರೊಪೆಲ್ಲರ್‌ನಿಂದ ದೂರ ನಿಂತು, ಸ್ಪಿನ್ನರ್‌ಗೂ (ಪ್ರೊಪೆಲ್ಲರ್ ನಡುವಿನ ಮೊನಚು ಟೋಪಿ) ಕೌಲಿಂಗ್ ಮೂಗಿಗೂ ಇರುವ ಸಂದನ್ನು ನೋಡಿ. ಆಮೇಲೆ ಪಕ್ಕದಿಂದ ನೋಡಿ. ಸ್ಪಿನ್ನರ್ ಕೆಳಗಿಳಿದಂತೆ, ಮೇಲೆ ಸಂದು ಜಾಸ್ತಿ ಇದ್ದಂತೆ ಕಂಡರೆ ಎಂಜಿನ್ ಮೌಂಟ್‌ನ ರಬ್ಬರ್‌ಗಳು ಸೋತು ಎಂಜಿನ್ ಜಗ್ಗಿರಬಹುದು. ಕೆಳಗಿನ ಕೌಲಿಂಗ್‌ನಲ್ಲಿ ಎಕ್ಸಾಸ್ಟ್ ಪೈಪ್ ಉಜ್ಜಿದ ಹೊಳಪು ಗುರುತು ಇದ್ದರೆ ಅನುಮಾನ ಗಟ್ಟಿ. ಇದು ಇನ್ನು ಕೌಲಿಂಗ್‌ನ ವಿಷಯವಲ್ಲ. ವಿಮಾನ ನಿಲ್ಲಿಸಿ.

ಇದ್ಯಾವುದೂ ಇಲ್ಲ, ಆದರೂ ಎಲ್ಲ ಕಡೆ ಸ್ಟಡ್‌ಗಳು ಸಡಿಲವಾಗುತ್ತಿವೆ ಎಂದರೆ ನಡುಕ ಜಾಸ್ತಿಯಾಗಿದೆ. ಪ್ರೊಪೆಲ್ಲರ್ ಅಂಚಿಗೆ ಕಲ್ಲೇಟು ಬಿದ್ದಿದೆಯಾ ನೋಡಿ, ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿಸುವ ಬಗ್ಗೆ ಎಎಂಇ ಜೊತೆ ಮಾತಾಡಿ.

ಮತ್ತೆ ಹಾಕುವಾಗ ಯಾವುದನ್ನೂ ಮೊದಲೇ ಬಿಗಿ ಮಾಡಬೇಡಿ. ಸ್ಕ್ರೂಗಳನ್ನೆಲ್ಲ ಕೈಯಲ್ಲೇ ಎರಡು ಮೂರು ಸುತ್ತು ಕೂರಿಸಿ, ಎಲ್ಲವೂ ಹಿಡಿದ ಮೇಲೆ ಬಿಗಿ ಮಾಡಿ. ನಿಮ್ಮ ಮ್ಯಾನ್ಯುಯಲ್ ಬೇರೆ ಕ್ರಮ ಹೇಳಿದ್ದರೆ ಅದೇ ಸರಿ. ಮುಗಿದ ಮೇಲೆ ಎಲ್ಲ ತಲೆಗಳೂ ಮಟ್ಟವಾಗಿವೆಯಾ, ಯಾವುದಾದರೂ ಉಬ್ಬಿ ನಿಂತಿದೆಯಾ ಎಂದು ಅಂಗೈ ಸವರಿ ನೋಡಿ. ರಿಸೆಪ್ಟಕಲ್ ಕೂರಿಸಿದ ಕೋನ ಜಾಗದಿಂದ ಜಾಗಕ್ಕೆ ಬೇರೆ ಇರಬಹುದು. ಹಾಗಾಗಿ ಲಾಕ್ ಆದಾಗ ಸ್ಲಾಟ್‌ಗಳು ಹೇಗೆ ನಿಲ್ಲುತ್ತವೆ ಎಂದು ಅದೇ ವಿಮಾನದ ಒಂದು ಫೋಟೊ ಫೋನಿನಲ್ಲಿಟ್ಟುಕೊಳ್ಳಿ.

ಲಕ್ಷಣ: ಫಾಸ್ಟನರ್ ಇಲ್ಲವೇ ಇಲ್ಲ

ಹಾರಬೇಡಿ. ಟೇಪ್ ಅಂಟಿಸಿ ಹೋಗುವ ಯೋಚನೆ ಬೇಡ. ಮೊದಲು ಅದು ಎಲ್ಲಿ ಹೋಯಿತು ಎಂದು ಹುಡುಕಿ: ಕೆಳಗಿನ ಕೌಲಿಂಗ್‌ನ ತಳ, ಬ್ಯಾಫಲ್‌ಗಳ ಮೂಲೆ, ನಿಂತ ಜಾಗದ ನೆಲ. ಅಯಸ್ಕಾಂತ ಹಿಡಿದು ಹುಡುಕುವವರು ಗಮನಿಸಿ, ಸ್ಟೇನ್‌ಲೆಸ್ ಸ್ಕ್ರೂಗಳು ಹೆಚ್ಚಾಗಿ ಅಂಟುವುದಿಲ್ಲ. ಬಿಚ್ಚುವಾಗ ಕೈಜಾರಿ ಬಿದ್ದದ್ದೂ ಹಾಗೇ, ಸಿಗುವವರೆಗೆ ಕೌಲಿಂಗ್ ಮುಚ್ಚಬಾರದು. ಏಪ್ರನ್ (ವಿಮಾನಗಳು ನಿಲ್ಲುವ ಅಂಗಳ) ಮೇಲೆ ಬಿದ್ದದ್ದು ಇನ್ನೊಬ್ಬರ ಪ್ರೊಪೆಲ್ಲರ್‌ಗೆ ಬಡಿಯುತ್ತದೆ.

ಲಕ್ಷಣ: ಹಾರಾಟದಲ್ಲಿ ಕೌಲಿಂಗ್ ಅಂಚು ಎದ್ದು ಬಡಿಯುತ್ತಿದೆ

ಪೈಪರ್ ಚೆರೋಕಿಯಂಥ ವಿಮಾನಗಳಲ್ಲಿ ಮೇಲಿನ ಕೌಲಿಂಗ್‌ಗೆ ಪಕ್ಕದಲ್ಲಿ ಲ್ಯಾಚ್ ಇರುತ್ತದೆ. ಆಯಿಲ್ ನೋಡಿ ಅದನ್ನು ಅರ್ಧಂಬರ್ಧ ಮುಚ್ಚಿ ಹೊರಟರೆ ಟೇಕಾಫ್‌ನಲ್ಲಿ ಎದ್ದುಬಿಡುತ್ತದೆ. ಇನ್ನೂ ನೆಲದ ಮೇಲಿದ್ದು, ಮುಂದೆ ರನ್‌ವೇ ಸಾಕಷ್ಟಿದ್ದರೆ ನಿಲ್ಲಿಸಿ. ಗಾಳಿಯಲ್ಲಿದ್ದರೆ ಸದ್ದಿಗೆ ಹೆದರಿ ಅದನ್ನೇ ನೋಡುತ್ತಾ ಕೂರಬೇಡಿ, ಕಣ್ಣು ವೇಗದ ಮೇಲಿರಲಿ. ವೇಗ ಏರಿಸಬೇಡಿ, ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹತ್ತಿರಕ್ಕೂ ಇಳಿಸಬೇಡಿ. ತಿರುವು ಹಗುರವಾಗಿರಲಿ. ಟವರ್‌ಗೆ ಹೇಳಿ, ಹತ್ತಿರದ ರನ್‌ವೇಯಲ್ಲಿ ಇಳಿಯಿರಿ. ನಿಮ್ಮ ವಿಮಾನದ ಹ್ಯಾಂಡ್‌ಬುಕ್ ಹೇಳುವ ಕ್ರಮ ಇದಕ್ಕಿಂತ ಮೇಲು. ಇಳಿದ ಮೇಲೆ ವಿಂಡ್‌ಶೀಲ್ಡ್, ಬಾಲದ ಮುಂಚೂಣಿ ಎರಡನ್ನೂ ಪರೀಕ್ಷಿಸಲು ಹೇಳಿ. ಹರಿದ ತುಂಡು ಹೋಗಿ ಬಡಿಯುವುದು ಅಲ್ಲಿಗೇ.

ಸ್ನ್ಯಾಗ್ (ದೋಷದ ವರದಿ) ಬರೆಯುವಾಗ

"ಕೌಲಿಂಗ್ ಲೂಸ್" ಎಂದಷ್ಟೇ ಬರೆದರೆ ಸಂಜೆ ಎಎಂಇ ಬಂದು ಎಲ್ಲ ಸ್ಟಡ್ ತಟ್ಟಿ ನೋಡಬೇಕು. ಅವರು ನೋಡುವಾಗ ನಿಂತ ವಿಮಾನದ ಕೌಲಿಂಗ್ ಗಟ್ಟಿಯಾಗಿಯೇ ಕಾಣಬಹುದು. "ದೋಷ ಕಾಣಲಿಲ್ಲ" ಎಂದು ಸಹಿ ಬೀಳುತ್ತದೆ. ಹೀಗೆ ಬರೆಯಿರಿ: "ಮೇಲಿನ ಕೌಲಿಂಗ್, ಎಡಭಾಗ, ಫೈರ್‌ವಾಲ್‌ನಿಂದ ಮುಂದಕ್ಕೆ ಎರಡನೇ ಸ್ಟಡ್. ಲಾಕ್ ಆಗುತ್ತದೆ, ತಲೆ ಅಲುಗುತ್ತದೆ. ಸುತ್ತ ಕಪ್ಪು ಪುಡಿ, ಒರೆಸಿದ ಮೇಲೆ ಮತ್ತೆ ಬಂದಿದೆ. ತಲೆಯ ಮೇಲಿನ ನಂಬರ್ ಪಕ್ಕದ ಸ್ಟಡ್‌ನದಕ್ಕಿಂತ ಬೇರೆ." ಇದನ್ನು ಓದಿದವರು ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿ ಸರಿಯಾದ ಉದ್ದ ನೋಡಿ, ಸ್ಟೋರ್‌ನಿಂದ ಸ್ಟಡ್ ತೆಗೆದುಕೊಂಡೇ ವಿಮಾನದ ಹತ್ತಿರ ಬರುತ್ತಾರೆ.